ನಡಿಗೆಯ ಭಾರ

ಕಾಡುಮೇಡುಗಳಲ್ಲಿ ದಿನಗಟ್ಟಲೆ ನಡೆದು ತಮ್ಮನ್ನು ತಾವು ಅರಿತೆವೆನ್ನುವ ಚಾರಣಿಗರಿಗೆ ಇಂದು ಕೊರತೆಯಿಲ್ಲ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ನಡೆದುದು ಕಾಡಿನಲ್ಲಲ್ಲ, ಗುಜರಾತಿನ ಧೂಳುದಾರಿಯಲ್ಲಿ. 1930ರ ಮಾರ್ಚ್ 12ರಂದು ಗಾಂಧೀಜಿಯೊಡನೆ ಸಾಬರಮತಿಯಿಂದ ದಂಡಿಗೆ ಹೊರಟ ತಂಡದಲ್ಲಿ ಕರ್ನಾಟಕದವರೆಂದರೆ ಅವರೊಬ್ಬರೇ, ವಯಸ್ಸು 18. ದಾರಿ 241 ಮೈಲಿ.

ನಡೆಯುವುದೇನೋ ಹಳ್ಳಿಯ ತರುಣನಿಗೆ ಹೊಸದಲ್ಲ. ಆದರೆ ಎಷ್ಟೇ ದಣಿದಿದ್ದರೂ ಪ್ರಾರ್ಥನೆ, ನೂಲುವಿಕೆ, ದಿನಚರಿ ತಪ್ಪುವಂತಿರಲಿಲ್ಲ. ಅರುವತ್ತರ ಗಾಂಧೀಜಿ ಕೋಲೂರಿ ಮುಂದೆ ಮುಂದೆ ಸಾಗುತ್ತಿರಲು, ಹದಿನೆಂಟರವರು ಕಾಲುನೋವೆನ್ನುವುದಾದರೂ ಹೇಗೆ!

ಒಂದು ರಾತ್ರಿ, ಯಾತ್ರಿಕರಿಗೆ ಬೆಳಕಾಗಲೆಂದು ಕೂಲಿಯವನೊಬ್ಬನು ಭಾರವಾದ ಕಿಟ್ಸನ್ ದೀಪವನ್ನು ತಲೆಯ ಮೇಲೆ ಹೊತ್ತಿದ್ದನು. ಬೇಗ ನಡೆಯೆಂದು ಅವನಿಗೆ ಅವಸರದ ಮಾತು ಬೇರೆ. ಗಾಂಧೀಜಿ ಅದನ್ನು ನೋಡಲಾರದೆ ದಾಪುಗಾಲಿಟ್ಟು ಮುಂದಾದರು. ಮಾರ್ಚ್ 29ರಂದು ಭಟಗಾಮಿನ ಸಭೆಯಲ್ಲಿ ಅವರು ತಮ್ಮನ್ನೂ ತಂಡವನ್ನೂ ಎಲ್ಲರೆದುರಿಗೇ ಖಂಡಿಸಿದರು. ಬಡವರಿಗಾಗಿ ನಡೆಯುವವರ ಭಾರವನ್ನು ಬಡವನೇ ಹೊರಬೇಕೆ? ಚಾರಣಿಗನ ಬೆನ್ನಚೀಲವನ್ನು ಸಂಜೆಗೆ ಇಳಿಸಬಹುದು. ಇಂಥ ಪ್ರಶ್ನೆಯನ್ನು ಇಳಿಸಲಾದೀತೆ?

ಮಹಾದೇವಪ್ಪನವರ ನಡಿಗೆ ದಂಡಿಯಲ್ಲಿ ನಿಲ್ಲಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ರೈತರಿಂದ ವಸೂಲಾದ ಕಂದಾಯದ ಹಣದ ಮೇಲೆ ನಡೆಸಿದ ದಾಳಿಯಲ್ಲಿ, ಅವರು ಗುಂಡಿಗೆ ಎದೆಯೊಡ್ಡಿದರು. ಜತೆಯಲ್ಲಿ ಬಿದ್ದವರು ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನವರಿಗೆ ಆಗ 31 ವರ್ಷ. ಹಾವೇರಿಯ ರೈಲು ನಿಲ್ದಾಣ ಇಂದು ಅವರ ಹೆಸರನ್ನು ಹೊತ್ತಿದೆ.