ಬ್ಯಾಡ್ಜಿನ ಮೇಜಿನ ಹಿಂದೆ

2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರಿನಲ್ಲಿ ನಡೆದ ಪೈಕಾನ್ ಇಂಡಿಯಾಕ್ಕೆ ಮೊದಲ ಸಲ ಸ್ವಯಂಸೇವಕನಾಗಿ ಹೋಗಿದ್ದೆ. ಪೈಥಾನ್ ಬಳಸೋ ಮಂದಿ ತಾವೇ ಸೇರಿ 2009ರಲ್ಲಿ ಇದೇ ಊರಿನ ಐಐಎಸ್‌ಸಿಯಲ್ಲಿ ಶುರು ಮಾಡಿದ ಸಮ್ಮೇಳನ ಇದು. ನಮಗ್ಯಾರಿಗೂ ಸಂಬಳ ಇಲ್ಲ, ಟೀ-ಶರ್ಟು ಮಾತ್ರ :)

ಕೆಲಸ ಅಂದ್ರೆ ಬ್ಯಾಡ್ಜು ಜೋಡಿಸೋದು, ಮೈಕಿಗೆ ಸೆಲ್ಲು ಹಾಕೋದು, ಮಾತಾಡೋರಿಗೆ "ಇನ್ನೈದೇ ನಿಮಿಷ" ಅಂತ ಚೀಟಿ ತೋರಿಸೋದು. ಒಂದು ಭಾಷಣವನ್ನೂ ಪೂರ್ತಿ ಕೇಳಲಿಲ್ಲ!

ಹಾವೇರಿಯಿಂದ ರಾತ್ರಿ ಬಸ್ಸಿಗೆ ಬಂದಿದ್ದ ಡಿಪ್ಲೊಮಾ ಹುಡುಗಿಯೊಬ್ಬಳು ಬ್ಯಾಡ್ಜು ಹಿಡಿದು ನಿಂತೇ ಇದ್ದಳು. "ಸರ್, ನನಗ ಇಂಗ್ಲಿಷ್ ಅಷ್ಟ್ ತಿಳಿಯಂಗಿಲ್ಲ. ಒಳಗ ಹೋಗ್ಲೇನ್ರಿ?" ನಮ್ಮ ಕಡೆಯವಳೇ. "ಹೋಗವಾ, ತಿಳೀಲಿಲ್ಲಂದ್ರ ಬಂದು ಕೇಳು" ಅಂದೆ.

ಟೀ ಹೊತ್ತಿಗೆ ಬಂದೇ ಬಂದಳು. ಡೆಕೊರೇಟರ್ ಅಂದ್ರೇನು? "ಒಂದು ಫಂಕ್ಷನ್ನಿಗೆ ಇನ್ನೊಂದು ಫಂಕ್ಷನ್ ಹೊದಿಸೋದು. ಒಳಗಿಂದು ಹಂಗ ಇರತದ, ಅದರ ಹಿಂದ ಮುಂದ ಬೇಕಾದ್ದು ಸೇರಿಸಬಹುದು." "ಇಷ್ಟ ಏನ್ರಿ?" ಅಂತ ನಕ್ಕಳು. ಆಮೇಲೆ ಇನ್ನೂ ಮೂರು ಪ್ರಶ್ನೆ!

ಟಿಕೆಟ್ ಇದ್ದರೂ ಬಾಗಿಲಲ್ಲೇ ನಿಲ್ಲೋರು ಇರ್ತಾರೆ ಅಂತ ಆವತ್ತು ಗೊತ್ತಾಯ್ತು. ಬಾಗಿಲು ತೆಗೆದಿಟ್ಟರೆ ಸಾಲದು, "ಬಾ" ಅನ್ನೋರೂ ಬೇಕು. ಇಂಥ ಕಡೆ ಕನ್ನಡದಲ್ಲಿ ಕೇಳಿ ತಿಳಿಯೋಕೆ ಒಂದು ಮೇಜು ಹಾಕಿದರೆ ಹೇಗೆ? ಕೂರೋಕೆ ನಾನಂತೂ ರೆಡಿ. ನೀವು?