203 ಮತ್ತು ಒಂದು ಮೀನಖಂಡ

ಹೋದ ತಿಂಗಳು ಆಫೀಸಿನಲ್ಲಿ ನಮ್ಮ ಪ್ರಾಜೆಕ್ಟ್ ನಿಂತುಹೋಯಿತು. ಎರಡು ವರ್ಷದ ಕೆಲಸಕ್ಕೆ ನಾಲ್ಕು ಸಾಲಿನ ಒಂದು ಮೇಲ್! ತಪ್ಪು ನಮ್ಮದೂ ಅಲ್ಲ, ನಮ್ಮ ಕೋಡಿನದೂ ಅಲ್ಲ. ಎಲ್ಲೋ ಮೇಲಿನವರು ಬೇಡ ಅಂದರು, ಅಷ್ಟೇ. ಆ ರಾತ್ರಿ ನಿದ್ದೆ ಬರದೆ ಯೂಟ್ಯೂಬಿನಲ್ಲಿ ಏನೇನೋ ನೋಡ್ತಾ ಇದ್ದಾಗ ಸಿಕ್ಕಿದ್ದು ಯಸುಹಿರೊ ಯಮಶಿತ. ಜೂಡೋ ಅಂದರೆ ಬಿಳಿ ಬಟ್ಟೆ, ಕಪ್ಪು ಬೆಲ್ಟು ಅನ್ನೋದು ಬಿಟ್ಟರೆ ನನಗೇನೂ ಗೊತ್ತಿರಲಿಲ್ಲ ಬಿಡಿ :)

ಮೊದಲು ಕಣ್ಣಿಗೆ ಬಿದ್ದದ್ದು ಒಂದು ಸಂಖ್ಯೆ. 203. 1977ರಿಂದ 1985ರಲ್ಲಿ ನಿವೃತ್ತನಾಗುವವರೆಗೆ ಆತ ಸತತವಾಗಿ ಗೆದ್ದ ಪಂದ್ಯಗಳು. ನಡುವೆ ಏಳು ಡ್ರಾ, ಸೋಲು ಸೊನ್ನೆ. ಅಖಿಲ ಜಪಾನ್ ಚಾಂಪಿಯನ್‌ಶಿಪ್ ಸಾಲಾಗಿ ಒಂಬತ್ತು ಸಲ. 1979, 1981, 1983ರ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ನಾಲ್ಕು ಚಿನ್ನ. ಇಷ್ಟೆಲ್ಲ ಓದಿದಾಗ, ಈ ಮನುಷ್ಯನಿಗೂ ನನಗೂ ಎತ್ತಣಿಂದೆತ್ತ ಸಂಬಂಧ ಅಂತ ಟ್ಯಾಬ್ ಮುಚ್ಚೋಣ ಅನ್ನಿಸಿತು. ಅಷ್ಟರಲ್ಲಿ 1980ರ ಕಥೆ ಬಂತು.

ಆ ವರ್ಷ ಮಾಸ್ಕೋ ಒಲಿಂಪಿಕ್ಸ್. ಯಮಶಿತನಿಗೆ 22, ಸೋಲಿಸುವವರೇ ಇಲ್ಲ. ಆದರೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತ್ತು, ಅಮೆರಿಕ ಬಹಿಷ್ಕಾರಕ್ಕೆ ಕರೆ ಕೊಟ್ಟಿತ್ತು, ಜಪಾನೂ ಹಿಂದೆ ಹೋಯಿತು. ನಮ್ಮನ್ನು ಕಳಿಸಿ ಅಂತ ಆಟಗಾರರ ಸಭೆಯಲ್ಲಿ ಆತ ಎಲ್ಲರೆದುರು ಅತ್ತುಬಿಟ್ಟ. ಏನೂ ಉಪಯೋಗವಾಗಲಿಲ್ಲ. ಹೋಗುವುದಿಲ್ಲ ಅಂತ ನಿರ್ಧಾರವಾದ ಅದೇ ಮೇ ತಿಂಗಳಲ್ಲಿ, ಒಂದು ಪಂದ್ಯದಲ್ಲಿ ಕಾಲಿನ ಮೂಳೆಯೂ ಮುರಿಯಿತು. ಗಾಯದಿಂದ ನಿಂತ ಆ ಪಂದ್ಯ ಡ್ರಾ ಆಯಿತು. ಏಳು ಡ್ರಾಗಳಲ್ಲಿ ಒಂದರೊಳಗೆ ಇಷ್ಟು ಕಥೆ!

ನಾಲ್ಕು ವರ್ಷ ಕಾದು ಲಾಸ್ ಏಂಜಲೀಸ್‌ಗೆ ಹೋದ. ಅಲ್ಲಿ ಪಶ್ಚಿಮ ಜರ್ಮನಿಯ ಆರ್ತುರ್ ಶ್ನಾಬೆಲ್ ಜೊತೆಗಿನ ಪಂದ್ಯದಲ್ಲೇ ಬಲಗಾಲಿನ ಮೀನಖಂಡ ಹರಿಯಿತು. ಯಮಶಿತ ಎಡಚ. ಎಡಗಾಲಿನಿಂದ ಎದುರಾಳಿಯನ್ನು ಕೆಡವುವಾಗ ಇಡೀ ಭಾರ ಹೊರುವುದು ಬಲಗಾಲು. ಅಂದರೆ ಮನೆಯ ಕಂಬವೇ ಹೋದಂತೆ! ಕುಂಟುವುದು ಎಲ್ಲರಿಗೂ ಕಾಣುತ್ತಿತ್ತು. ಸೆಮಿಫೈನಲಿನಲ್ಲಿ ಫ್ರಾನ್ಸಿನ ಡೆಲ್ ಕೊಲಂಬೊ ಶುರುವಿನಲ್ಲೇ ಈತನನ್ನು ಕೆಡವಿ ಅಂಕ ತೆಗೆದ. ಅದು ಚಿಕ್ಕ ಅಂಕ ಆದ್ದರಿಂದ ಉಳಿದುಕೊಂಡ. ಎದ್ದು ಅವನನ್ನೇ ಕೆಡವಿ, ನೆಲಕ್ಕೆ ಒತ್ತಿ ಹಿಡಿದ.

ಜೂಡೋದಲ್ಲಿ ಎತ್ತಿ ಎಸೆಯುವುದಕ್ಕೇ ಚಪ್ಪಾಳೆ ಜಾಸ್ತಿ. ನೆಲದ ಮೇಲೆ ಕತ್ತು ಅಮುಕುವುದು, ಅಂಗಾತ ಹಿಡಿದಿಡುವುದು ನೋಡಲು ಅಂಥ ಚೆಂದವಿಲ್ಲ. ಆದರೆ ತೊಕಾಯ್ ವಿಶ್ವವಿದ್ಯಾಲಯದಲ್ಲಿ ಆತನ ಗುರು ನೊಬುಯುಕಿ ಸಾತೊ ನೆಲದ ಪಟ್ಟುಗಳಿಗೇ ಹೆಸರಾದವರು. ಆ ದಿನ ಕಾಲು ಕೈಕೊಟ್ಟಾಗ ಕೈ ಹಿಡಿದದ್ದು ಅದೇ ವಿದ್ಯೆ. ಶ್ನಾಬೆಲ್‌ನನ್ನು ಕತ್ತುಪಟ್ಟಿ ಬಿಗಿದು ಗೆದ್ದ. ಫೈನಲಿನಲ್ಲಿ ಈಜಿಪ್ಟಿನ ಮೊಹಮ್ಮದ್ ರಶ್ವಾನ್‌ನನ್ನೂ ನೆಲದಲ್ಲೇ ಹಿಡಿದಿಟ್ಟ. ಆಗಿನ ನಿಯಮದಂತೆ 30 ಸೆಕೆಂಡು ಅಲುಗಾಡದಂತೆ ಹಿಡಿದರೆ ಪಂದ್ಯ ಮುಗಿಯಿತು. ಆಮೇಲೆ ವೇದಿಕೆ ಹತ್ತಲು ಕಷ್ಟಪಡುತ್ತಿದ್ದಾಗ ಕೈಕೊಟ್ಟು ಹತ್ತಿಸಿದವನು ಇದೇ ರಶ್ವಾನ್. ನನ್ನ ಕಣ್ಣು ಒದ್ದೆಯಾಗಿದ್ದು ಅಲ್ಲಿ.. ಸುಳ್ಳು ಯಾಕೆ ಹೇಳಲಿ.

ನನಗೀಗ 28. ಯಮಶಿತ ನಿವೃತ್ತನಾಗಿದ್ದು ಅದೇ ವಯಸ್ಸಿಗೆ. ಹೋಲಿಸಿಕೊಂಡರೆ ನಗು ಬರುತ್ತೆ. ಮಾಸ್ಕೋ ಕೈತಪ್ಪಿದ್ದು ಆತನ ತಪ್ಪಲ್ಲ, ಅದನ್ನು ಯಾರೂ ವಾಪಸ್ ಕೊಡಲೂ ಇಲ್ಲ. ಆದರೆ ಯಾರೂ ಗಮನಿಸದ ವಿದ್ಯೆಯನ್ನೂ ಕಲಿತಿಟ್ಟುಕೊಂಡದ್ದು ಆತನ ಕೈಯಲ್ಲೇ ಇತ್ತು. ನಿಂತುಹೋದ ಆ ಪ್ರಾಜೆಕ್ಟಿನಲ್ಲಿ ನಾನು ಕಲಿತದ್ದನ್ನೆಲ್ಲ ನಿನ್ನೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಕೆ ಕೂತೆ. ಆರು ಪುಟ ಆಯಿತು, ಇನ್ನೂ ಮುಗಿದಿಲ್ಲ!