ಕೊಡು ಇಲ್ಲಿ

ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಬುಧವಾರ ಸಂಜೆ ನನ್ನ ಡೆಸ್ಕ್ ಹತ್ರ ಬಂದು ನಿಂತಳು. "ಸರ್, ಕೋಡೆಲ್ಲಾ ಹೋಯ್ತು." (ಸರ್ ಅನ್ಬೇಡ ಅಂತ ಹೇಳಿ ಹೇಳಿ ಸುಸ್ತಾಗಿ ಬಿಟ್ಟಿದ್ದೇನೆ.) ನಾಲ್ಕು ದಿನದ ಕೆಲಸ. ಮಾರನೇ ದಿನ ಬೆಳಿಗ್ಗೆ ಡೆಮೋ.

"ಏನ್ ಮಾಡ್ದೆ?" ಅಂದೆ. ದನಿ ಜೋರಾಗೇ ಇತ್ತು ಅನ್ಸುತ್ತೆ, ಪಕ್ಕದ ಸೀಟಿನವನು ಹೆಡ್‌ಫೋನ್ ತೆಗೆದ. ಅವಳು ಮಾತಾಡದೆ ನೋಟ್‌ಬುಕ್ ತೆರೆದು ತೋರಿಸಿದಳು. ‘ಗಿಟ್ ರೀಸೆಟ್ ಹಾರ್ಡ್ ಆರಿಜಿನ್ ಮೇನ್’. ಅದರ ಕೆಳಗೆ, ‘ಗೊಂದಲ ಆದ್ರೆ ಇದು’.

ಅದು ನನ್ನದೇ ಪಾಠ. ಎರಡು ವಾರದ ಹಿಂದೆ ಅವಳ ಮರ್ಜ್ ಸಿಕ್ಕು ಹಾಕಿಕೊಂಡಿತ್ತು. ಅವಳು ಪ್ರತಿ ಎರರ್ ಅನ್ನೂ ಪೂರ್ತಿ ಓದಿ, ಒಂದೊಂದೇ ಅಕ್ಷರ ಒತ್ತೋದನ್ನ ನೋಡಿ ತಡೆಯೋಕಾಗದೆ "ಕೊಡು ಇಲ್ಲಿ" ಅಂತ ಕೀಬೋರ್ಡ್ ಎಳ್ಕೊಂಡು, ಹತ್ತು ಸೆಕೆಂಡಲ್ಲಿ ಸರಿ ಮಾಡಿ, "ಅಷ್ಟೇ" ಅಂತ ಎದ್ದು ಹೋಗಿದ್ದೆ. ಅವತ್ತು ಅವಳ ಲ್ಯಾಪ್‌ಟಾಪಲ್ಲಿ ಅವಳದ್ದು ಅಂತ ಒಂದು ಸಾಲೂ ಇರಲಿಲ್ಲ, ನಷ್ಟವಾಗಲಿಲ್ಲ. ಈ ಸಲ ನಾಲ್ಕು ದಿನ ಕಮಿಟ್ ಮಾಡಿದ್ದಳು, ಪುಷ್ ಮಾಡಿರಲಿಲ್ಲ. ಎರಡಕ್ಕೂ ಏನು ವ್ಯತ್ಯಾಸ ಅಂತ ನಾನು ಹೇಳಿದ್ದರೆ ತಾನೇ.

ಏಳನೇ ಕ್ಲಾಸಲ್ಲಿದ್ದಾಗ ಬಾವಿ ಮೋಟ್ರು ಹಾಕೋ ಕೆಲಸ ಚಿಕ್ಕಪ್ಪ ನನಗೆ ಬಿಟ್ಟಿದ್ರು. ತ್ರೀ ಫೇಸ್ ಕರೆಂಟು ಬರ್ತಿದ್ದದ್ದೇ ರಾತ್ರಿ, ಅದೂ ಒಂದೆರಡು ತಾಸು. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದೆ. ಮೋಟ್ರು ಗುಂಯ್ ಅಂತು, ನೀರಿಲ್ಲ.

"ಚಿಕ್ಕಪ್ಪ, ನೀರು ಬರ್ತಿಲ್ಲ."

"ಯಾಕಂತೆ, ಅದನ್ನೇ ಕೇಳ್ಲಾ" ಅಂದವರು ಬದುವಿನ ಮೇಲೆ ಕೂತು ಬೀಡಿ ಹಚ್ಚಿದ್ರು.

ಆಫ್ ಮಾಡಿ ಪಂಪು ಮುಟ್ಟಿದೆ, ಬಿಸಿ. ಪೈಪು ತಟ್ಟಿದೆ, ಟೊಳ್ಳು ಸದ್ದು. ಪೈಪಲ್ಲಿ ನೀರು ನಿಂತಿಲ್ಲ, ಗಾಳಿ ತುಂಬಿದೆ ಅಂತ ಹೊಳೆಯೋಕೆ ಅರ್ಧ ಗಂಟೆ ಹಿಡೀತು. ಬಿಂದಿಗೇಲಿ ನೀರು ತಂದು ಹುಯ್ದರೂ ತುಂಬಲಿಲ್ಲ, ಕೆಳಗೆ ಫುಟ್‌ವಾಲಲ್ಲಿ ಸೋರ್ತಿತ್ತು. ಸಗಣಿ ಕದಡಿ ಹುಯ್ಯಿ, ಸಂದಿ ಕಟ್ಕೊಳ್ಳುತ್ತೆ ಅಂತ ಅಷ್ಟು ಮಾತ್ರ ಅವರು ಹೇಳಿದ್ದು. ಚಿಕ್ಕಪ್ಪನಿಗೆ ಐದು ನಿಮಿಷದ ಕೆಲಸ ಅದು. ಆ ರಾತ್ರಿ ನನ್ನಿಂದ ಎರಡು ಮಡಿಗೆ ನೀರಾಗಲಿಲ್ಲ. ಅದನ್ನ ಅವರು ಒಂದು ಸಲವೂ ಎತ್ತಿ ಆಡಲಿಲ್ಲ. ಸ್ಟಾರ್ಟರ್ ಡಬ್ಬಿಯ ಮುಚ್ಚಳ ತೆಗೆಯೋಕೆ ಮಾತ್ರ ಬಿಡ್ತಿರಲಿಲ್ಲ, ಅಲ್ಲಿ ಕೈ ಹೊಡೆದು ಪಕ್ಕಕ್ಕೆ ತಳ್ಳೋರು. ಬಿಇ ಲ್ಯಾಬಲ್ಲಿ ಮಾಡಿದ್ದು ಅರ್ಧ ಮರೆತಿದೆ, ಆ ಟೊಳ್ಳು ಸದ್ದು ಈಗಲೂ ಕಿವೀಲಿದೆ.

ಬುಧವಾರ ಕುರ್ಚಿ ಎಳ್ಕೊಂಡು ಅವಳ ಪಕ್ಕ ಕೂತು ಕೈ ಕಟ್ಟಿಕೊಂಡೆ. "ಗಿಟ್ ರೆಫ್‌ಲಾಗ್ ಅಂತ ಕೊಡು" ಅಂದೆ. ಕಮಿಟ್ ಆದದ್ದನ್ನ ಗಿಟ್ ತಕ್ಷಣ ಬಿಸಾಕಲ್ಲ. ಯಾವ ಬ್ರಾಂಚಿಗೂ ಸೇರದೆ ಅನಾಥವಾದರೂ ಮಾಮೂಲಿಯಾಗಿ 30 ದಿನ ಅದರ ಗುರುತು ಇಟ್ಟುಕೊಂಡಿರುತ್ತೆ. ಇದನ್ನ ಹೇಳಿ, "ನಿನ್ನ ಕೊನೇ ಕಮಿಟ್ ಇದ್ರಲ್ಲಿ ಯಾವುದು ಹುಡುಕು" ಅಂದೆ. ಅವಳು ಒಂದೊಂದೇ ಸಾಲು ಓದಿದಳು. ಎರಡು ಸಲ ನನ್ನ ಕೈ ಮೌಸಿನ ಕಡೆ ಹೋಗಿ ವಾಪಸ್ ಬಂತು.

"ಸರ್, ಇದೇ ರೀಸೆಟ್ ಹಾರ್ಡ್ ಕೊಟ್ಟು, ಇಲ್ಲಿಗೇ ವಾಪಸ್ ಹೋಗಬಹುದಾ?"

"ಮಾಡಿ ನೋಡು."

ನಾಲ್ಕು ದಿನದ ಕೆಲಸ ಬಂತು. ಆದರೆ ಮಧ್ಯಾಹ್ನದಿಂದ ಬರೆದದ್ದು ಕಮಿಟ್ ಆಗಿರಲಿಲ್ಲ, ಅದು ಹೋದದ್ದು ಹೋಯ್ತು. ರಾತ್ರಿ ಒಂಬತ್ತೂವರೆವರೆಗೆ ಕೂತು ಅವಳೇ ಮತ್ತೆ ಬರೆದಳು. ನಾನು ಎರಡು ಸಲ ಟೀ ತಂದುಕೊಟ್ಟೆ. ಹೊರಡುವಾಗ ನೋಡಿದರೆ ನೋಟ್‌ಬುಕ್‌ನಲ್ಲಿ ‘ಗೊಂದಲ ಆದ್ರೆ ಇದು’ ಅನ್ನೋದನ್ನ ಹೊಡೆದು ಹಾಕಿ, ‘ಮೊದಲು ಗಿಟ್ ಸ್ಟೇಟಸ್ ನೋಡು’ ಅಂತ ಬರೆದಿದ್ದಳು.

"ಇನ್ನೊಂದ್ಸಲ ನಾನು ಕೀಬೋರ್ಡ್ ಕೇಳಿದ್ರೆ ಕೊಡಬೇಡ" ಅಂದೆ.

"ಸರಿ ಸರ್" ಅಂದಳು.